ಬಯಾನಿನ ಕೊನೆಗೆ ಉಳಿದ ಗಜಲ್

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್‌ಗಳ ಡಬ್ಬ ಇನ್ನೂ ಇದೆಯೇ? ನಮ್ಮ ಮನೆಯಲ್ಲಿ ಅದು ಬಿಸ್ಕತ್ತಿನ ತಗಡಿನ ಡಬ್ಬವಾಗಿತ್ತು. ಅದರೊಳಗೆ ಕಿರಾಅತ್, ನಾತ್, ರಮಝಾನಿನ ಬಯಾನ್‌ಗಳು, ದೊಡ್ಡಮ್ಮನ ಮಗನ ನಿಕಾಹ್ ದಿನದ ಗದ್ದಲ. ಜೊತೆಗೆ, ಪತ್ರ ಬರೆಯಲು ಸೋಮಾರಿಯಾಗಿದ್ದ ನಮ್ಮ ಮಾಮು ದುಬೈನಿಂದ ಮಾತಾಡಿ ತುಂಬಿ ಕಳಿಸುತ್ತಿದ್ದ ಕ್ಯಾಸೆಟ್‌ಗಳು. ಅವರ ಸಲಾಮ್ ಕೇಳಿದೊಡನೆ ಅಮ್ಮಿ ಟೇಪ್ ರೆಕಾರ್ಡರಿಗೇ "ವಅಲೈಕುಮುಸ್ಸಲಾಮ್" ಎನ್ನುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಅಮ್ಮಿಯ ಕಣ್ಣಲ್ಲಿ ಮಾತ್ರ ನೀರಿರುತ್ತಿತ್ತು.

ಆ ಡಬ್ಬದಲ್ಲಿದ್ದ ಒಂದು ಕ್ಯಾಸೆಟ್ಟಿನ ಬಗ್ಗೆ ಇಂದು ನಿಮಗೆ ಹೇಳಬೇಕೆನಿಸಿದೆ. ಮದ್ರಸದಲ್ಲಿ ಓದಿ, ಮದ್ರಸದಲ್ಲೇ ಕಲಿಸುವ ಹೆಣ್ಣುಮಗಳು ಹಾಡಿನ ಕ್ಯಾಸೆಟ್ಟಿನ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸುವ ಸಹೋದರಿಯರೂ ಇರಬಹುದು. ಅವರಿಗೂ ಒಂದು ಮಾತು ಇದೆ, ಮುಂದೆ ಹೇಳುತ್ತೇನೆ. ಮೊದಲು ಕಥೆ ಕೇಳಿ.

1989ರ ಬೇಸಿಗೆ. ನನಗೆ ಎಂಟು ತುಂಬಿ ಒಂಬತ್ತು. ದಾವಣಗೆರೆಯ ನಮ್ಮ ಮನೆಗೆ ಮಾಮು ರಜೆಯಲ್ಲಿ ಬಂದರು. ಸೂಟ್‌ಕೇಸಿನಿಂದ ಅತ್ತರು, ಟಾರ್ಚು, ಸೀರೆ, ಹಾಲಿನ ಪುಡಿ ಹೊರಬಂದ ಮೇಲೆ ಕೊನೆಗೆ ಒಂದು ಕ್ಯಾಸೆಟ್ ಬಂತು. ಅಂಗಡಿಯಲ್ಲಿ ಕೊಂಡದ್ದಲ್ಲ. ಮಾಮುವಿನ ಕೋಣೆಯಲ್ಲಿದ್ದ ಒಬ್ಬರು ಯಾರದೋ ಬಳಿಯಿಂದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಟ್ಟದ್ದು. ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯ ಉರ್ದು ಅಕ್ಷರಗಳಲ್ಲಿ ಎರಡೇ ಪದ: ನಜ್ಮಾ, ಕರೀಬ್.

ಅದು ಆಪಾಳ ಪಾಲಾಯಿತು. ಹದಿನೇಳು ವರ್ಷದ ಆಪಾ ಎಸೆಸೆಲ್ಸಿ ಮುಗಿಸಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಕಾಲಿನಿಂದ ತುಳಿಯುವ ಮೆಷಿನ್ನು, ಕಿಟಕಿಯ ಮೇಲೆ ಟೇಪ್ ರೆಕಾರ್ಡರ್, ಮಧ್ಯಾಹ್ನ ಝುಹರ್ ಮುಗಿಸಿ ಅಮ್ಮಿ ಒರಗಿದ ಹೊತ್ತು. ಸಣ್ಣ ದನಿಯಲ್ಲಿ ಆ ಕ್ಯಾಸೆಟ್ ತಿರುಗುತ್ತಿತ್ತು. ಕಿವಿಗೆ ಹಿಡಿಸಿದ ಸಾಲನ್ನು ಆಪಾ ಮೆಷಿನ್ ನಿಲ್ಲಿಸಿ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಗಜಲ್ ನಮಗೆ ಹೊಸತಾಗಿರಲಿಲ್ಲ. ಜಗಜಿತ್ ಮತ್ತು ಚಿತ್ರಾ ಸಿಂಗ್, ಗುಲಾಂ ಅಲಿ, 1986ರ 'ನಾಮ್' ಚಿತ್ರದ ನಂತರ ಮನೆಮನೆಗೆ ತಲುಪಿದ ಪಂಕಜ್ ಉದಾಸ್, ಎಲ್ಲರನ್ನೂ ಕೇಳಿದ್ದೆವು. ಆದರೆ ಇದು ಬೇರೆಯಾಗಿತ್ತು. ಉರ್ದು ನಮ್ಮದೇ. ತಬಲಾ ನಮ್ಮದೇ. ಎರಡು ಸಾಲಿನ ನಡುವೆ ಹಾರ್ಮೋನಿಯಂ ಬರಬೇಕಾದ ಜಾಗದಲ್ಲಿ ಮಾತ್ರ ಬೇರೇನೋ ಊದುತ್ತಿತ್ತು. ಯಾರೋ ನಿಟ್ಟುಸಿರಿಟ್ಟಂತೆ, ಆಮೇಲೆ ಸಮಾಧಾನ ಹೇಳಿದಂತೆ. ಅದು ಸ್ಯಾಕ್ಸೋಫೋನ್ ಎಂದು ಮಾಮು ಹೇಳಿದರು. ನಾನು ಆ ಹೆಸರನ್ನು ಸರಿಯಾಗಿ ಹೇಳಲು ಕಲಿತದ್ದು ಎಷ್ಟೋ ವರ್ಷದ ಮೇಲೆ.

ಹಾಡಿದವರು ಯಾರು? ಹೈದರಾಬಾದಿನವರೆಂದು ಅಮ್ಮಿ, ಲಾಹೋರಿನವರೆಂದು ಮಾಮು. ಇಬ್ಬರದೂ ತಪ್ಪಾಗಿತ್ತು.

ಎಸೆಕ್ಸಿನ ಹುಡುಗಿ

ನಜ್ಮಾ ಅಖ್ತರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಲಂಡನ್ನಿನ ಈಶಾನ್ಯಕ್ಕಿರುವ ಎಸೆಕ್ಸ್ ಜಿಲ್ಲೆಯ ಚೆಮ್ಸ್‌ಫರ್ಡ್ ಊರಿನಲ್ಲಿ. ಭಾರತೀಯ ಮೂಲದ ಕುಟುಂಬ. ಓದಿದ್ದು ಏನೆಂದು ಊಹಿಸಬಲ್ಲಿರಾ? ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್! 1984ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಏಷ್ಯನ್ ಹಾಡುಗಾರಿಕೆಯ ಸ್ಪರ್ಧೆಯೊಂದರಲ್ಲಿ ಗೆದ್ದ ಮೇಲೆ ಆಕೆಯ ದಾರಿ ಬದಲಾಯಿತು. 1987ರಲ್ಲಿ ಲಂಡನ್ನಿನ 'ಟ್ರಿಪಲ್ ಅರ್ತ್' ಎಂಬ ಸಣ್ಣ ಕಂಪೆನಿ ಆಕೆಯ ಮೊದಲ ಆಲ್ಬಂ ಹೊರತಂದಿತು. ಅದೇ 'ಕರೀಬ್'.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಲಂಡನ್ನಿನಲ್ಲಿ ಬೆಳೆದ ನಾಝಿಯಾ ಹಸನ್ 1980ರ 'ಕುರ್ಬಾನಿ' ಚಿತ್ರದ ಹಾಡಿನಿಂದ, ಮರುವರ್ಷದ 'ಡಿಸ್ಕೋ ದೀವಾನೆ'ಯಿಂದ ಉಪಖಂಡವನ್ನೇ ಕುಣಿಸಿದ್ದರು. ಬ್ರಿಟನ್ನಿನ ಪಂಜಾಬಿ ಮದುವೆಗಳಲ್ಲಿ 'ಅಲಾಪ್', 'ಹೀರಾ' ತಂಡಗಳ ಭಾಂಗ್ರಾ ಮೊಳಗುತ್ತಿತ್ತು. ವಲಸೆ ಬಂದವರ ಮಕ್ಕಳು ಹಾಡಬೇಕೆಂದರೆ ಎರಡೇ ದಾರಿ ಎಂಬಂತಿತ್ತು: ಡಿಸ್ಕೋ ಇಲ್ಲವೇ ಭಾಂಗ್ರಾ. ಎರಡೂ ಕುಣಿತವೇ. ನಜ್ಮಾ ಈ ಎರಡನ್ನೂ ಬಿಟ್ಟರು. ಹೆತ್ತವರ ಪೀಳಿಗೆ ಕೂತು ಕೇಳುತ್ತಿದ್ದ ಗಜಲನ್ನು ಎತ್ತಿಕೊಂಡು, ತಾನು ಬೆಳೆದ ನಾಡಿನ ಜಾಝ್ ಸಂಗೀತದ ಪಕ್ಕದಲ್ಲಿ ಇಟ್ಟರು.

'ಕರೀಬ್'ನಲ್ಲಿರುವುದು ಏಳೇ ಹಾಡುಗಳು. ಮೊದಲನೆಯದು 'ನೀಂದ್ ಕೋಯಿ'. ಅದರಲ್ಲಿ ಆಕೆ ತನ್ನದೇ ದನಿಯನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿ ಒಂದರ ಮೇಲೊಂದು ಕೂರಿಸಿದ್ದಾರೆ. ಒಬ್ಬಳೇ ಹೆಣ್ಣು, ಅಕ್ಕತಂಗಿಯರ ಗುಂಪಿನಂತೆ ಕೇಳುತ್ತಾಳೆ. ನಮ್ಮ ಗಜಲ್ ಪರಂಪರೆಯಲ್ಲಿ ಹೀಗೆ ಮಾಡುವ ರೂಢಿ ಇಲ್ಲ. ಅಲ್ಲಿ ಹಾಡುವವರು ಒಬ್ಬರು, ಕೇಳುವವರು ಹಲವರು.

ಗಜಲಿನ ನಿಯಮಗಳು ನಿಮಗೆ ಗೊತ್ತಿರಬಹುದು. ಪ್ರತಿಯೊಂದು ಶೇರ್ ಎರಡು ಸಾಲಿನ ಸ್ವತಂತ್ರ ಮಾತು. ಮೊದಲ ಶೇರ್ ಮತ್ಲಾ. ಪ್ರತಿ ಶೇರಿನ ಕೊನೆಗೆ ಮರಳಿ ಬರುವ ಪದ ರದೀಫ್, ಅದರ ಹಿಂದಿನ ಪ್ರಾಸ ಕಾಫಿಯಾ. ಕವಿ ತನ್ನ ಹೆಸರು ಹಾಕಿ ಮುಗಿಸುವ ಶೇರ್ ಮಕ್ತಾ. ಮೆಹಫಿಲ್‌ನಲ್ಲಿ ಗಾಯಕ ಮೊದಲ ಸಾಲನ್ನು ಎರಡು ಮೂರು ಸಲ ಹೇಳಿ ಕಾಯಿಸುತ್ತಾನೆ. ಎರಡನೆಯ ಸಾಲು ಬಿದ್ದು ರದೀಫ್ ಬಂದೊಡನೆ ಸಭೆ "ವಾಹ್" ಎನ್ನುತ್ತದೆ. ಸ್ಟುಡಿಯೋದಲ್ಲಿ ಸಭೆ ಎಲ್ಲಿಂದ ಬರಬೇಕು? ಈ ಆಲ್ಬಂನಲ್ಲಿ ಆ "ವಾಹ್" ಹೇಳುವ ಕೆಲಸ ಸ್ಯಾಕ್ಸೋಫೋನಿನದು ಎಂದು ನನಗೆ ಅನಿಸುತ್ತದೆ. ಸಾಲು ಮುಗಿಯುವವರೆಗೆ ಅದು ಅದಬಿನಿಂದ ಸುಮ್ಮನಿರುತ್ತದೆ. ಮುಗಿದ ಮೇಲೆ ಮಾತ್ರ ಬಾಯಿ ತೆರೆಯುತ್ತದೆ.

ಪಾಶ್ಚಾತ್ಯ ವಾದ್ಯ ನಮ್ಮ ಸಂಗೀತಕ್ಕೆ ಹೊಂದುತ್ತದೆಯೇ ಎಂದು ಕೇಳುವವರು ನಮ್ಮ ನಾಡಿನಲ್ಲೇ ಉತ್ತರ ಕಂಡವರು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದೇ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ವಾದ್ಯಕ್ಕೆ ಊರಿಲ್ಲ, ಊದುವವರ ಉಸಿರಿಗೆ ಊರಿದೆ.

ಎಲ್ಲಿಯೂ ಸೇರದ ಆಲ್ಬಂ

ಇಷ್ಟು ಒಳ್ಳೆಯ ಕೆಲಸ ಯಾಕೆ ಮರೆಯಾಯಿತು? ನನಗೆ ತೋಚುವ ಕಾರಣ ಇದು. ಭಾರತದ ಅಂಗಡಿಗಳಲ್ಲಿ ಆಗ ಸಿನಿಮಾ ಹಾಡು ಮತ್ತು ಹೆಸರಾಂತರ ಗಜಲ್‌ಗಳ ರಾಶಿ. ಲಂಡನ್ನಿನ ಸಣ್ಣ ಕಂಪೆನಿಯೊಂದರ ಹೊಸ ಹುಡುಗಿಯನ್ನು ಕೇಳುವವರಿಲ್ಲ. ಇಂಗ್ಲೆಂಡಿನಲ್ಲಿ ಕೇಳುಗರಿದ್ದರೂ ಅವರಿಗೆ ಉರ್ದು ತಿಳಿಯದು. ಅವರಿಗೆ ದನಿ ಸಿಕ್ಕಿತು, ಶೇರ್ ಸಿಗಲಿಲ್ಲ.

ಇನ್ನೊಂದು ಸಂಗತಿ ಕೇಳಿ. 1987ರ ಜೂನ್ ತಿಂಗಳಲ್ಲೇ ಲಂಡನ್ನಿನಲ್ಲಿ ಸಣ್ಣ ರೆಕಾರ್ಡ್ ಕಂಪೆನಿಗಳವರು ಸಭೆ ಸೇರಿದ್ದರು. ಆಫ್ರಿಕಾ, ಏಷ್ಯಾ ಮುಂತಾದೆಡೆಯ ಸಂಗೀತವನ್ನು ಅಂಗಡಿಯ ಯಾವ ಖಾನೆಯಲ್ಲಿಡಬೇಕೆಂದು ಮಾಲೀಕರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೊಂದು ಹೆಸರು ಬೇಕಿತ್ತು. ಅಲ್ಲಿ ತೀರ್ಮಾನವಾದ ಹೆಸರು 'ವರ್ಲ್ಡ್ ಮ್ಯೂಸಿಕ್', ಅಂದರೆ ಜಗತ್ತಿನ ಸಂಗೀತ. ಸಭೆಯಲ್ಲಿ ಟ್ರಿಪಲ್ ಅರ್ತ್ ಕಂಪೆನಿಯವರೂ ಇದ್ದರು. ಆ ಖಾನೆಯಿಂದ ಎಷ್ಟೋ ಕಲಾವಿದರಿಗೆ ಉಪಕಾರವಾಯಿತು, ನಜ್ಮಾರಿಗೂ ಆಗಿರಬೇಕು. ಆದರೆ ಯೋಚಿಸಿ. ಎಸೆಕ್ಸಿನಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮಿನಲ್ಲಿ ಓದಿ, ಇಂಗ್ಲೆಂಡಿನಲ್ಲೇ ಹಾಡಿದ ಹೆಣ್ಣುಮಗಳ ಆಲ್ಬಂ ಇಂಗ್ಲೆಂಡಿನ ಅಂಗಡಿಯಲ್ಲೇ ಹೊರದೇಶದ ಸಾಲಿನಲ್ಲಿ ನಿಲ್ಲಬೇಕಾಯಿತು. ಅಲ್ಲಿಯವರಿಗೆ ಆಕೆ ಇಲ್ಲಿಯವಳು, ಇಲ್ಲಿಯವರಿಗೆ ಅಲ್ಲಿಯವಳು. ಗಂಡನ ಮನೆಯಲ್ಲಿ "ನಿಮ್ಮೂರಲ್ಲಿ ಹೀಗಾ?" ಎಂದೂ, ತವರಿನಲ್ಲಿ "ನಿಮ್ಮ ಮನೆಯಲ್ಲಿ ಹೇಗೆ?" ಎಂದೂ ಕೇಳಿಸಿಕೊಂಡ ನಿಮಗೆ ಇದನ್ನು ನಾನು ವಿವರಿಸಬೇಕಿಲ್ಲ.

ಆಕೆ ಅಲ್ಲಿಗೇ ನಿಲ್ಲಲಿಲ್ಲ. 'ಆತಿಶ್' ಎಂಬ ಇನ್ನೊಂದು ಆಲ್ಬಂ ಬಂತು. 1994ರಲ್ಲಿ ರಾಕ್ ಸಂಗೀತದ ಬಹುದೊಡ್ಡ ಹೆಸರುಗಳಾದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ತಮ್ಮ ಹಳೆಯ ಹಾಡೊಂದನ್ನು ಮತ್ತೆ ಹಾಡುವಾಗ ಹೆಣ್ಣುದನಿಗಾಗಿ ನಜ್ಮಾರನ್ನು ಕರೆದರು. ಅದು 'ನೋ ಕ್ವಾರ್ಟರ್' ಆಲ್ಬಂನಲ್ಲಿದೆ. 1996ರಲ್ಲಿ ಎಸ್.ಡಿ. ಬರ್ಮನ್ ಹಾಡುಗಳಿಗೆ ಹೊಸ ರೂಪ ಕೊಟ್ಟರು. 2009ರಲ್ಲಿ ಅಮೆರಿಕದ ಗಿಟಾರ್ ವಾದಕ ಗ್ಯಾರಿ ಲುಕಾಸ್ ಜೊತೆ 'ರಿಶ್ತೆ' ಎಂಬ ಆಲ್ಬಂ ಮಾಡಿದರು. ಆದರೂ ನನಗೆ ಆಕೆ ಎಂದರೆ 'ಕರೀಬ್', ನೀಲಿ ಶಾಯಿಯ ಆ ಚೀಟಿ.

ಮುರಿಯದ ಎರಡು ಹಲ್ಲು

ಈಗ ನಮ್ಮ ಮನೆಯ ಮಾತಿಗೆ ಬರೋಣ. ಅಬ್ಬಾ ವಾದ್ಯಗಳ ವಿಷಯದಲ್ಲಿ ಬಿಗಿ. ಶಾಯರಿಯ ವಿಷಯದಲ್ಲಿ ಮಾತ್ರ ಮೃದು. ಆಪಾ ಅವರೆದುರು ಆ ಕ್ಯಾಸೆಟ್ ಹಾಕುತ್ತಿರಲಿಲ್ಲ. ಅವರೂ ಅದರ ಬಗ್ಗೆ ಕೇಳಿರಲಿಲ್ಲ.

ಒಂದು ರಮಝಾನಿನಲ್ಲಿ ಊರಿಗೆ ಮೌಲಾನಾ ಒಬ್ಬರು ಬಂದರು. ತರಾವೀಹ್ ನಂತರ ಬಯಾನ್. ಅಬ್ಬಾ ಅವಸರದಲ್ಲಿ ಡಬ್ಬದಿಂದ ಕೈಗೆ ಸಿಕ್ಕ ಕ್ಯಾಸೆಟ್ ತೆಗೆದುಕೊಂಡು, ಟೇಪ್ ರೆಕಾರ್ಡರ್ ಹೊತ್ತು ಮಸೀದಿಗೆ ಹೋದರು. ನಿಮಗೆ ನೆನಪಿದೆಯೇ, ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಯಲ್ಲಿ ಪ್ಲಾಸ್ಟಿಕ್ಕಿನ ಎರಡು ಪುಟ್ಟ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಆಪಾ ಮುರಿದಿರಲಿಲ್ಲ.

ಮರುದಿನ ಸಹರಿ ಮುಗಿದ ಮೇಲೆ ಅಬ್ಬಾ ಬಯಾನ್ ಹಾಕಿದರು. ಒಂದು ಮಗ್ಗುಲು ಪೂರ್ತಿ ಬಯಾನ್. ಎರಡನೆಯ ಮಗ್ಗುಲಲ್ಲಿ ದುಆ, ಆಮೀನ್, ಕಟ್ ಎಂಬ ಸದ್ದು. ಅದರ ಬೆನ್ನಿಗೇ ಆ ದನಿ. ಒಂದು ಗಜಲಿನ ಕೊನೆಯ ಮೂರು ನಾಲ್ಕು ನಿಮಿಷ ಅಳಿಸದೆ ಉಳಿದಿತ್ತು. ಆಪಾ ಗೋಡೆಯ ಕಡೆ ತಿರುಗಿ ಪಾತ್ರೆ ಜೋಡಿಸುತ್ತಿದ್ದಳು. ಅಬ್ಬಾ ಅವಳ ಬೆನ್ನನ್ನೇ ನೋಡಿದರು.

"ಇದು ನಿನ್ನದಾ ಬೇಟಿ?"

"ಹೌ ಅಬ್ಬಾ."

"ಹೇಳಬಾರದಿತ್ತಾ?"

"ಜಾನೇ ದೇವೋ ಅಬ್ಬಾ," ಎಂದಳು ಆಪಾ. ಹೋಗಲಿ ಬಿಡಿ ಎಂದು.

ಅಬ್ಬಾ ಮತ್ತೇನೂ ಹೇಳಲಿಲ್ಲ. ಆದರೆ ಆಮೇಲೆ ಎಷ್ಟೋ ವರ್ಷ ಅವರು ಆ ಬಯಾನ್ ಕೇಳುವುದನ್ನು ನಾನು ನೋಡಿದ್ದೇನೆ. ದುಆ ಮುಗಿದ ತಕ್ಷಣ ಅವರ ಕೈ ಗುಂಡಿಯ ಮೇಲೆ ಹೋಗುತ್ತಿರಲಿಲ್ಲ. ತಸ್ಬೀಹ್ ಎತ್ತಿಡುವ ನೆಪ, ಕನ್ನಡಕ ಒರೆಸುವ ನೆಪ. ಗಜಲಿನ ಕೊನೆಯ ಸಾಲು ಮುಗಿದ ಮೇಲೆಯೇ ನಿಲ್ಲಿಸುತ್ತಿದ್ದರು. ಅದು ಮಗಳಿಗೆ ಅವರು ಕೇಳಿಕೊಂಡ ಮಾಫಿ ಎಂದು ನನಗೆ ಅರ್ಥವಾದದ್ದು ನಾನೇ ತಾಯಿಯಾದ ಮೇಲೆ.

ಹುಬ್ಬೇರಿಸಿದ ಸಹೋದರಿಗೆ

ಹನ್ನೆರಡರ ವಯಸ್ಸಿನಲ್ಲಿ ನಾನು ಮದ್ರಸಕ್ಕೆ ಸೇರಿದೆ. ಒಂದು ದಿನ ಪಾಠದಲ್ಲಿ 'ಕರೀಬ್' ಎಂಬ ಪದ ಬಂತು. ಸೂರಃ ಅಲ್ ಬಕರಃದಲ್ಲಿ, ಉಪವಾಸದ ಆಜ್ಞೆಗಳ ನಡುವೆ, ದಾಸರು ತನ್ನ ಬಗ್ಗೆ ಕೇಳಿದರೆ ತಾನು ಹತ್ತಿರದಲ್ಲೇ ಇದ್ದೇನೆಂದು ಅಲ್ಲಾಹನು ತಿಳಿಸುವ ಆಯತ್ತಿನ ಪದ. ನನ್ನ ಕಣ್ಣಮುಂದೆ ಬಂದದ್ದು ಕ್ಯಾಸೆಟ್ಟಿನ ಚೀಟಿ. ನಾಚಿಕೆಯಿಂದ ಮುಖ ಬಿಸಿಯಾಯಿತು. ಎಲ್ಲಿಯ ಆಯತ್ತು, ಎಲ್ಲಿಯ ಹಾಡು! ಇವತ್ತಿಗೂ ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಆದರೆ ಪದವೊಂದು ಅರಬಿಯಿಂದ ಹೊರಟು, ಫಾರಸಿ ದಾಟಿ, ಉರ್ದುವಿಗೆ ಬಂದು, ಎಸೆಕ್ಸಿನ ಹುಡುಗಿಯೊಬ್ಬಳ ಆಲ್ಬಂಗೆ ಹೆಸರಾಗಿ, ದಾವಣಗೆರೆಯ ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ಬಂದ ದಾರಿ ನೆನೆದರೆ ಆಶ್ಚರ್ಯವಾಗುತ್ತದೆ.

ಸಂಗೀತದ ವಿಷಯದಲ್ಲಿ ಉಲಮಾಗಳ ಚರ್ಚೆ ಇಂದು ನಿನ್ನೆಯದಲ್ಲ. ವಾದ್ಯಗಳ ಬಗ್ಗೆ ಬಹುಪಾಲು ಫಿಕ್ಹ್ ವಿದ್ವಾಂಸರು ಬಿಗಿಯಾಗಿದ್ದಾರೆ. ಇಮಾಮ್ ಗಝಾಲಿಯವರು 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಸಮಾ ಕುರಿತು ಒಂದು ಇಡೀ ಭಾಗ ಬರೆದು, ಏನನ್ನು, ಯಾವಾಗ, ಯಾವ ಮನಸ್ಸಿನಿಂದ ಕೇಳುತ್ತೀರಿ ಎಂದು ವಿಂಗಡಿಸಿದ್ದಾರೆ. ನಾನು ಫತ್ವಾ ಕೊಡುವವಳಲ್ಲ. ನೀವು ಕೇಳಿರೆಂದೂ ಹೇಳುವುದಿಲ್ಲ. ನನ್ನ ಬಾಲ್ಯದಲ್ಲಿ ಇದ್ದುದನ್ನು ಇರಲಿಲ್ಲ ಎನ್ನಲಾರೆ, ಅಷ್ಟೇ. ಅಬ್ಬಾ ತಮ್ಮ ಅಭಿಪ್ರಾಯ ಬಿಡಲಿಲ್ಲ, ಮಗಳ ಮನಸ್ಸನ್ನೂ ಮುರಿಯಲಿಲ್ಲ. ಅವರಿಂದ ನಾನು ಕಲಿತ ಪಾಠ ಇದು.

ನಮ್ಮ ಮನೆಯ ಮಾತು

ಆ ಆಲ್ಬಂ ನನ್ನನ್ನು ಇಂದಿಗೂ ಕಾಡಲು ಇನ್ನೊಂದು ಕಾರಣವಿದೆ. ಎಂಜಿನಿಯರಿಂಗ್ ಓದಿದ ಆ ಹುಡುಗಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಮೊದಲ ಆಲ್ಬಂಗೆ ಆಕೆ ಆರಿಸಿಕೊಂಡದ್ದು ಉರ್ದುವನ್ನು. ನಮಗೋ ಭಾಷೆ ಮನೆಯಲ್ಲೇ ಇತ್ತು, ನಾಚಿಕೆಯಾಗುತ್ತಿತ್ತು. ಬಿ.ಎ. ಓದುವಾಗ ನನ್ನ ಬಾಯಿಂದ "ನಕ್ಕೋ" ಎಂದು ಬಂದರೆ ಗೆಳತಿಯರು ನಗುತ್ತಿದ್ದರು. ದಖನಿ ಎಂದರೆ ಸಿನಿಮಾದಲ್ಲಿ ನಗಿಸುವವರ ಮಾತು ಎಂದು ನಾನೂ ನಂಬಿದ್ದೆ.

ಸತ್ಯ ಬೇರೆಯೇ ಇದೆ. ದಿಲ್ಲಿಯಲ್ಲಿ ಕವಿಗಳು ಫಾರಸಿಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಗೋಲ್ಕೊಂಡದ ಸುಲ್ತಾನ್ ಮುಹಮ್ಮದ್ ಕುಲಿ ಕುತುಬ್ ಶಾಹ್ ದಖನಿಯಲ್ಲಿ ಗಜಲ್‌ಗಳ ದೀವಾನ್ ಬರೆದಿದ್ದರು. ನಮ್ಮ ವಿಜಾಪುರದ ಎರಡನೇ ಇಬ್ರಾಹೀಂ ಆದಿಲ್ ಶಾಹ್ 'ಕಿತಾಬೆ ನವ್‌ರಸ್' ಎಂಬ ಹಾಡುಗಳ ಪುಸ್ತಕ ರಚಿಸಿದ್ದು ಈ ಮಾತಿನಲ್ಲೇ. ಅದೇ ವಿಜಾಪುರದ ಹಾಶ್ಮಿ ಎಂಬ ಕವಿ ಹೆಂಗಸರು ಆಡುವ ಮಾತಿನಲ್ಲೇ ಗಜಲ್ ಬರೆದರು. ಆಮೇಲೆ ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೂ ತಂದರು. ಚೆಮ್ಸ್‌ಫರ್ಡಿನ ಹುಡುಗಿ ಹಾಡಿದ ಪ್ರಕಾರದ ಬೇರುಗಳಲ್ಲಿ ಒಂದು ನಮ್ಮ ಹಿತ್ತಲಿನಲ್ಲೇ ಇತ್ತು. ನಮ್ಮ ಅಮ್ಮಂದಿರು ಆಡುವ ಮಾತು ಯಾರಿಗೂ ಕಡಿಮೆಯದಲ್ಲ. ಬ್ಯಾರಿ, ನವಾಯತಿ ಆಡುವ ಸಹೋದರಿಯರೂ ಇದನ್ನು ತಮ್ಮ ಮಾತಿಗೆ ಅನ್ವಯಿಸಿಕೊಳ್ಳಬಹುದು. ನನ್ನ ತರಗತಿಯ ಮಕ್ಕಳು ಮನೆಯ ಮಾತು ಆಡಿದಾಗ ನಾನೀಗ ತಿದ್ದುವುದಿಲ್ಲ. ಅದರ ಪಕ್ಕದಲ್ಲಿ ಕನ್ನಡದ್ದನ್ನೂ ಉರ್ದುವಿನದ್ದನ್ನೂ ಬರೆಸುತ್ತೇನೆ.

ಮತ್ತೆ ಪೂರ್ತಿಯಾಗಿ

ಕಳೆದ ರಜೆಯಲ್ಲಿ ಹುಬ್ಬಳ್ಳಿಯಲ್ಲಿರುವ ಆಪಾಳ ಮನೆಗೆ ಹೋಗಿದ್ದೆ. ಈಗ ಅವಳು ಅಜ್ಜಿ. ಮಾತಿನ ನಡುವೆ ಆ ಕ್ಯಾಸೆಟ್ ನೆನಪಾಯಿತು. ಅವಳ ಮಗ ಮೊಬೈಲಿನಲ್ಲಿ ಹೆಸರು ಹೊಡೆದು ಹುಡುಕಿದ. ಒಂದು ನಿಮಿಷವೂ ಆಗಲಿಲ್ಲ. ಮೂವತ್ತು ವರ್ಷಕ್ಕೂ ಹಿಂದೆ ಅಳಿಸಿಹೋದದ್ದು ಪೂರ್ತಿಯಾಗಿ ಎದುರಿಗೆ ಬಂತು.

ಮೊದಲ ಹಾಡಿನಿಂದಲೇ ಆಪಾ ಗುನುಗತೊಡಗಿದಳು. ಅವಳ ನೋಟುಪುಸ್ತಕ ಮದುವೆಯಾಗಿ ಮನೆ ಬದಲಿಸುವಾಗ ಎಲ್ಲೋ ಕಳೆದಿತ್ತು. ಸಾಲುಗಳು ಕಳೆದಿರಲಿಲ್ಲ. ನಾನು ಅವಳ ಕಾಲು ನೋಡಿದೆ. ಮೆಷಿನ್ ತುಳಿಯುವಂತೆ ನೆಲದ ಮೇಲೆ ಮೆಲ್ಲಗೆ ಆಡುತ್ತಿತ್ತು.

ಕೊನೆಗೆ ನಮಗೆ ಗೊತ್ತಿದ್ದ ಆ ಭಾಗ ಬಂತು, ಬಯಾನಿನ ನಂತರ ಉಳಿದಿದ್ದ ಆ ಮೂರು ನಾಲ್ಕು ನಿಮಿಷ. ಆಪಾ ಗುನುಗುವುದನ್ನು ನಿಲ್ಲಿಸಿದಳು.

"ಇದಕ್ಕೆ ಮೊದಲು ಅಬ್ಬಾ ಆಮೀನ್ ಅನ್ನಬೇಕಿತ್ತಲ್ಲೇ," ಎಂದಳು.

ಹೌದು. ಆ ಕ್ಯಾಸೆಟ್ಟಿನಲ್ಲಿ ಮೌಲಾನಾರ ದುಆಗೆ ಆಮೀನ್ ಎನ್ನುವವರ ನಡುವೆ, ಟೇಪ್ ರೆಕಾರ್ಡರಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದ ಅಬ್ಬಾರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅಬ್ಬಾ ಹೋಗಿ ಹನ್ನೊಂದು ವರ್ಷವಾಯಿತು. ನಜ್ಮಾರ ಹಾಡು ಮೊಬೈಲಿನಲ್ಲಿ ಯಾರಿಗೂ ಸಿಗುತ್ತದೆ. ಅಬ್ಬಾರ ಆಮೀನ್ ಆ ಒಂದೇ ಕ್ಯಾಸೆಟ್ಟಿನಲ್ಲಿತ್ತು. ಮನೆ ಕೆಡವಿ ಕಟ್ಟಿಸುವಾಗ ಬಿಸ್ಕತ್ತಿನ ಡಬ್ಬವನ್ನು ಗುಜರಿಯವನಿಗೆ ಕೊಟ್ಟವಳು ನಾನೇ.

ಆದ್ದರಿಂದ ಪ್ರಿಯ ಸಹೋದರಿ, ಇಂದೇ ಅಟ್ಟದ ಮೇಲಿನ ಡಬ್ಬ ಇಳಿಸಿ. ಹಾಡಿರಲಿ, ಬಯಾನ್ ಇರಲಿ, ಯಾರೋ ದೂರದಿಂದ ಹೇಳಿ ಕಳಿಸಿದ ಸಲಾಮ್ ಇರಲಿ, ಕೇಳಿ ನೋಡಿ. ಊರಿನಲ್ಲಿ ಯಾರ ಬಳಿಯಾದರೂ ಓಡುವ ಟೇಪ್ ರೆಕಾರ್ಡರ್ ಇದ್ದೇ ಇರುತ್ತದೆ, ಅದರಿಂದ ಮೊಬೈಲಿಗೆ ಇಳಿಸಿಕೊಳ್ಳಿ. ಮೊದಲು ಮಾಡಬೇಕಾದದ್ದು ಇನ್ನೊಂದು. ಆ ಎರಡು ಹಲ್ಲುಗಳನ್ನು ಮುರಿದಿಡಿ.